ಧಾರೆಯೆರೆದ ರಕ್ತ

ಬಾಲ್ಕನಿಯ ಗ್ರಿಲ್ಲಿನೊಳಗೆ ಹಳೆಯ ಪೇಂಟಿನ ಡಬ್ಬಿಯಲ್ಲಿ ಬೆಳೆದಿದ್ದ ತುಳಸಿಗೆ ನೀರೆರೆದು ಒಳಗೆ ಬಂದ ವನಮಾಲಾ, ಮಗಳ ಮುಂದೆ ಖರ್ಜೂರದ ತಟ್ಟೆಯನ್ನು ಕುಕ್ಕಿ, 'ತಿನ್ನು. ರಕ್ತ ಕೊಟ್ಟವಳು ನೀನು' ಎಂದಳು. ಬೂಟಿನ ದಾರ ಕಟ್ಟುತ್ತಿದ್ದ ಅಪರ್ಣಾಳ ಬೆರಳುಗಳು ಅಲ್ಲೇ ನಿಂತವು. ಒಂದು ತಿಂಗಳಿನಿಂದ ಈ ಮಾತು ಮನೆಯಲ್ಲಿ ಒಗ್ಗರಣೆಯ ವಾಸನೆಯ ಹಾಗೆ ಅಡರಿಕೊಂಡುಬಿಟ್ಟಿತ್ತು. ಅಮ್ಮ ಅದನ್ನು ಹಾಲಿನವನಿಗೆ ಹೇಳಿದ್ದಳು, ಲಿಫ್ಟಿನಲ್ಲಿ ಸಿಕ್ಕ ಕುಲಕರ್ಣಿ ಬಾಯಿಯವರಿಗೆ ಹೇಳಿದ್ದಳು, ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ಮಂಗಳಾರತಿ ಮುಗಿಯುವುದನ್ನೇ ಕಾದು ಹೇಳಿದ್ದಳು. ಅಪ್ಪ ಮುರಾರಿ ಮ್ಯಾನೇಜರಾಗಿದ್ದ ಕಲ್ಯಾಣದ ಹೋಟೆಲಿಗೆ ಅಪರ್ಣಾ ಒಮ್ಮೆ ಹೋದಾಗ ಮಾಲೀಕ ವಸಂತಕುಮಾರರು ತಾವೇ ಗಲ್ಲಾ ಬಿಟ್ಟೆದ್ದು ಬಂದು, 'ದಾನ ಮಾಡಿದ ಮಗು, ಕೂತ್ಕೊ' ಎಂದು ದಾಳಿಂಬೆ ರಸ ತರಿಸಿದ್ದರು. ಅಪ್ಪ ದೂರದಲ್ಲಿ ನಿಂತು ಕನ್ನಡಕ ಒರೆಸಿಕೊಂಡಿದ್ದ. ಆ ಕೆಂಪು ರಸವನ್ನು ಅವಳು ಕಣ್ಣು ಮುಚ್ಚಿ ಕುಡಿದಿದ್ದಳು.

ತಿಂಗಳ ಹಿಂದೆ ಆವತ್ತು ಖಾರಘರದಿಂದ ಬಂದವಳ ಮೊಣಕೈ ಮಡಿಕೆಯಲ್ಲಿ ಹತ್ತಿ ಅಂಟಿಕೊಂಡಿದ್ದನ್ನು ಅಮ್ಮ ನೋಡಿದ್ದಳು. 'ಎಂತ ಇದು?' ಕೋಚ್ ಗುರುನಾಥ ಸರ್ ಹೇಗೆ ಓಡಬೇಕೆಂದು ಕಲಿಸಿದ್ದರು, ಏನು ಉಣ್ಣಬೇಕೆಂದು ಕಲಿಸಿದ್ದರು, ಮನೆಯಲ್ಲಿ ಏನು ಹೇಳಬೇಕೆಂದು ಕಲಿಸಿರಲಿಲ್ಲ. ನಾಲಿಗೆ ತಾನಾಗಿಯೇ ಹುಡುಕಿಕೊಂಡಿತು: 'ರಕ್ತದಾನದ ಕ್ಯಾಂಪ್ ಇತ್ತು ಅಮ್ಮ.' ಬೈಗುಳ ಬರುತ್ತದೆಂದು ಕಾದಳು. ಅವರ ಮನೆಯಲ್ಲಿ ಸಿಟ್ಟಿಗೆ ತುಳು, ದೇವರ ವಿಷಯಕ್ಕೆ ಕನ್ನಡ. ಅಮ್ಮ ಕನ್ನಡದಲ್ಲಿ ಕೇಳಿದಳು: 'ಕೊಟ್ಟದ್ದು ಒಳ್ಳೇದಾಯ್ತು. ಧಾರೆ ಎರೆದಿಯಾ?' 'ಅಲ್ಲಿ ಯಾರಮ್ಮ ಧಾರೆ ಎರೀತಾರೆ? ಬಿಸ್ಕಿಟು ಕೊಡ್ತಾರೆ.' 'ಹಾಗಾದರೆ ಅದು ದಾನ ಅಲ್ಲ ಮಾರಾಯ್ತಿ, ಬರೀ ಕೊಟ್ಟದ್ದು. ಬಾ, ಕೈ ಹಿಡಿ.' ದೇವರ ಮೂಲೆಯಲ್ಲಿ ನಿಲ್ಲಿಸಿ, ಬಲ ಅಂಗೈ ಮೇಲೆ ಒಂದು ದಳ ತುಳಸಿಯಿಟ್ಟು, ಉದ್ಧರಣೆಯಿಂದ ನೀರು ಬಿಟ್ಟಳು. 'ಕೃಷ್ಣಾರ್ಪಣ ಅನ್ನು.' ಅವಳು ಅಂದಳು. ಬೆರಳ ತುದಿಯಿಂದ ನೀರು ತಟ್ಟೆಗೆ ಇಳಿಯಿತು, ತುಳಸಿಯೂ ಜಾರಿತು. ಸ್ವರ ನಡುಗಲಿಲ್ಲ. ಅದೇ ಅವಳನ್ನು ಇಂದಿಗೂ ಚುಚ್ಚುವುದು, ಸ್ವರ ನಡುಗಲಿಲ್ಲವೆಂಬುದು.

ಆ ಮನೆಯಲ್ಲಿ ಧಾರೆಯಿಲ್ಲದೆ ಒಂದು ಕುಂಬಳಕಾಯಿಯೂ ದಾನವೆನ್ನಿಸಿಕೊಳ್ಳುತ್ತಿರಲಿಲ್ಲ. ಧಾರೆಯಾದ ಮೇಲೆ ಅದರ ಕಡೆ ತಿರುಗಿ ನೋಡುವ ಹಾಗೂ ಇರಲಿಲ್ಲ. ಒಂದು ಶ್ರಾದ್ಧದ ದಿನ ಗಡಿಬಿಡಿಯಲ್ಲಿ ಅಜ್ಜಿಯ ಬೆಳ್ಳಿಯ ಲೋಟ, ಸ್ಟೀಲಿನದೆಂದುಕೊಂಡು, ಭಟ್ಟರ ಚೀಲ ಸೇರಿತ್ತು. ಅಮ್ಮನಿಗೆ ಸಂಜೆಗೇ ಗೊತ್ತಾಗಿತ್ತು, ಭಟ್ಟರ ಮನೆ ಹತ್ತಿರದ ಠಾಣೆ ಊರಿನಲ್ಲೇ ಇತ್ತು, ಆದರೂ ಕೇಳಲಿಲ್ಲ. 'ಕೈಯಿಂದ ನೀರು ಇಳಿದಾಗಿದೆ' ಎಂದಿದ್ದಳು. ಅಜ್ಜ ಆಗ ಬದುಕಿದ್ದರು. 'ದತ್ತಾಪಹಾರ ಅಂತ ಅದಕ್ಕೆ ಹೆಸರು. ಕಳ್ಳನಿಗಾದರೂ ಹಸಿವಿನ ನೆಪ ಉಂಟು. ಕೊಟ್ಟು ಕಿತ್ತುಕೊಳ್ಳುವವನಿಗೆ ಯಾವ ನೆಪ?' ಎಂದು ಅಪರ್ಣಾಳಿಗೆ ಹೇಳಿದ್ದರು. ಆಮೇಲೆ ದೀಪ ಹಚ್ಚಿದ ಹೊತ್ತಿಗೆ ಎಂದಿನಂತೆ ವ್ಯಾಸಪೀಠ ಬಿಡಿಸಿ ಷಟ್ಪದಿ ಓದಿದ್ದರು. ಮೈಗೆ ಅಂಟಿ ಹುಟ್ಟಿದ ಕವಚವನ್ನು ಕೊಯ್ದು ಕೊಟ್ಟವನ ಭಾಗ. ಓದುತ್ತ ಅಜ್ಜ ಎದೆಯ ಮೇಲೆ ಕೈಯಾಡಿಸಿಕೊಂಡಿದ್ದರು. ಅವಳು ಮೊಣಕಾಲಿಗೆ ಗಲ್ಲವೂರಿ ಕೇಳಿದ್ದಳು. ಕೇಳುವುದೇ ಅವಳಿಗೆ ಬರುತ್ತಿದ್ದದ್ದು. ಹಾಡಲು ಸ್ವರವಿರಲಿಲ್ಲ, ಅರ್ಥ ಹೇಳಲು ಧೈರ್ಯವಿರಲಿಲ್ಲ.

'ಇವತ್ತೂ ಪ್ರಾಕ್ಟೀಸಾ? ನಾಳೆ ಓಟ ಇಟ್ಟುಕೊಂಡು?' ಅಮ್ಮ ಕೇಳಿದಳು.

'ಸರ್ ಕರೆದಿದ್ದಾರೆ. ಸ್ವಲ್ಪ ಹೊತ್ತಿನ ಕೆಲಸ.'

'ನಾಳೆ ನಾನೂ ಬರ್ತೇನೆ. ನೀನು ಓಡುವುದನ್ನು ನಾನು ನೋಡ್ಲೇ ಇಲ್ಲ. ನೋಡಬಹುದಲ್ಲ?'

'ನೋಡ್ಬಹುದು' ಎಂದು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು.

ಡೊಂಬಿವಲಿ ಸ್ಟೇಷನ್ನಿನಿಂದ ಹೊರಟ ಸ್ಲೋ ಲೋಕಲ್ಲಿನ ಹೆಂಗಸರ ಬೋಗಿಯಲ್ಲಿ ಬಾಗಿಲ ಪಕ್ಕದ ತಗಡಿಗೆ ಒರಗಿ ನಿಂತಳು. ರಕ್ತ ತೆಗೆಸಿಕೊಂಡ ಮೊದಲ ವಾರಗಳಲ್ಲಿ ಇದೇ ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ಕಾಲುಗಳು ಒದ್ದೆ ಬಟ್ಟೆಯಂತಾಗಿದ್ದವು. ಮೆಂತ್ಯೆ ಸೊಪ್ಪಿನ ಗಂಟು ಹೊತ್ತ ಮುದುಕಿಯೊಬ್ಬಳು ಅವಳನ್ನು ದಾಟಿ ಮೇಲೆ ಹೋಗಿ, ತಿರುಗಿ, 'ಕಾಯ್ ಗ ಪೋರಿ, ದಮಲೀಸ್?' ಎಂದು ನಕ್ಕಿದ್ದಳು. ಹೌದು, ದಣಿದಿದ್ದಳು. ರಾಜ್ಯ ತಂಡಕ್ಕೆ ಸೇರಬೇಕಾದವಳು, ಕ್ರೀಡಾ ಕೋಟಾದ ನೌಕರಿಗೆ ಕಾದಿರುವವಳು, ಸೊಪ್ಪಿನ ಗಂಟಿಗೆ ಸೋತಿದ್ದಳು. ಮುದುಕಿಯ ಮೇಲೆ ಸಿಟ್ಟು ಬಂದಿರಲಿಲ್ಲ. ಮೈಯೊಳಗೆ ತನ್ನದಾದ ಏನೋ ಇಲ್ಲವಾಗಿ, ಅದು ಎಲ್ಲೋ ಖಾರಘರದ ಏಳನೆಯ ಮಹಡಿಯ ಫ್ರಿಜ್ಜಿನಲ್ಲಿ ತಣ್ಣಗೆ ಕೂತು ತನ್ನನ್ನು ನೋಡುತ್ತಿದೆ ಎನ್ನಿಸಿತ್ತು. ಈಗ ಬಲ ಬಂದಿದೆ, ಮೈ ತನ್ನ ರಕ್ತವನ್ನು ತಾನೇ ತುಂಬಿಕೊಂಡಿದೆ. ಓಟದ ಹಿಂದಿನ ದಿನ ತೆಗೆದಿಟ್ಟದ್ದನ್ನೂ ತಿರುಗಿ ಏರಿಸುವುದೆಂದಿತ್ತು. 'ಅದರ ಮ್ಯಾಲೆ ಆ ಬ್ಯಾಗೂ ಸೇರಿತು ಅಂದ್ರ ಕೆಂಪು ಕಣ ಹೆಚ್ಚಾದವು, ಉಸಿರು ಹೆಚ್ಚಾತು. ನಿಂಗ ಉಸಿರಾಡೂದ ಗೊತ್ತಾಗೂದಿಲ್ಲ ನೋಡು' ಎಂದು ಸರ್ ಹೇಳಿದ್ದರು. ಆ ಮಾತಿಗೆ ಆಸೆಯಾಗುವ ಬದಲು ಅವಳಿಗೆ ಒಂದು ಬಗೆಯ ಅನಾಥ ಭಾವ ಬಂದಿತ್ತು. ಅಜ್ಜನ ಷಟ್ಪದಿ ಅವಳಲ್ಲಿ ಉಳಿದಿದ್ದದ್ದೇ ಉಸಿರಿನಲ್ಲಿ. ಮೂರು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ, ಮೂರು–ನಾಲ್ಕರ ಆ ನಡೆ, ಉದ್ದ ಸಾಲಿನ ಕೊನೆಯಲ್ಲಿ ಅಜ್ಜ ಎಳೆದು ನಿಲ್ಲಿಸುತ್ತಿದ್ದ ಗುರು ಅಕ್ಷರ. ಉಸಿರು ಗೊತ್ತೇ ಆಗದಿದ್ದರೆ ಅಜ್ಜ ಎಲ್ಲಿ ಕೂತು ಓದಬೇಕು?

ದಿವಾ ಸ್ಟೇಷನ್ ಬಂತು. ಪ್ಲಾಟ್‌ಫಾರ್ಮಿನ ಆಚೆ ಒಂದಕ್ಕೊಂದು ಅಂಟಿಕೊಂಡ ಕಟ್ಟಡಗಳಲ್ಲಿ ಒಂದರ ಮೂರನೆಯ ಮಹಡಿಯಲ್ಲಿ ಲತೇಶ್ ಇದ್ದ. ಗುರುನಾಥ ಸರ್ ಅವರ ಮೊದಲ ಹೀರೋ. ಅವನಿಗೆ ರಕ್ತದ ಬ್ಯಾಗಲ್ಲ, ಇಂಜೆಕ್ಷನ್. ಕೆಂಪು ಕಣಗಳನ್ನು ಒಂದಕ್ಕೆರಡು ಮಾಡುವ ಪುಟ್ಟ ಬಾಟಲಿ. ಪದಕ ಬಂದವು. ರಕ್ತ ದೋಸೆ ಹಿಟ್ಟಿನಷ್ಟು ಮಂದವಾಯಿತು. ಮಲಗಿದರೆ ಓಟಗಾರನ ನಾಡಿ ನಿಧಾನ, ನಿಧಾನವಾದರೆ ಮಂದ ರಕ್ತ ಹೆಪ್ಪುಗಟ್ಟೀತು ಎಂದು ಹೆದರಿ, ಅಲಾರಂ ಇಟ್ಟು ಎದ್ದು ಕೋಣೆಯೊಳಗೇ ನಿಂತಲ್ಲಿ ಓಡುತ್ತಿದ್ದನಂತೆ. ಆದರೂ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೈಯಿಂದ ಮಗ್ಗು ಬಿತ್ತು. ಎತ್ತಲು ಬಗ್ಗಿದವನಿಗೆ ಕೈಯೇ ಇರಲಿಲ್ಲ. ಮೆದುಳಿನಲ್ಲಿ ಹೆಪ್ಪು ಎಂದರು ಡಾಕ್ಟರು. ಹೋದ ವಾರ ಅವಳು ನೋಡಲು ಹೋದಾಗ ಎಡಗೈಯಲ್ಲಿ ಚಹಾ ಹಿಡಿದು, ಕೊಚ್ಚೆ ದಾಟುವವನಂತೆ ಒಂದೊಂದೇ ಶಬ್ದ ದಾಟುತ್ತ ಮಾತಾಡಿದ್ದ.

'ನಿನ್ನದು... ಫ್ರಿಜ್ಜಿನಲ್ಲಿ ಉಂಟಾ? ಯಾರ ಪಕ್ಕ? ಐಸ್‌ಕ್ರೀಮಿನ ಪಕ್ಕವಾ?'

'ತಮಾಷೆ ಸಾಕು ಲತೇಶಣ್ಣ.'

'ತಮಾಷೆ ಅಲ್ಲ ಮಾರಾಯ್ತಿ. ಕರೆಂಟು ಹೋದ್ರೆ... ಹುಳಿ ಬರ್ತದೆ. ರಕ್ತ. ಇಡ್ಲಿ ಮಾಡ್ಬಹುದು.' ಬಾಯಿಯ ಒಂದೇ ಬದಿಯಿಂದ ನಕ್ಕಿದ್ದ. ಆಮೇಲೆ ನಗುವನ್ನು ಬಿಟ್ಟು ಹೇಳಿದ್ದ: 'ಬೇಡ ಅಂತ ಹೇಳ್ಲಿಕ್ಕೆ ನಂಗೆ ಹಕ್ಕಿಲ್ಲ. ನಾನೂ ತಗೊಂಡವನೇ. ಆದ್ರೆ ಅಪ್ಪು, ಆ ಪದಕ ಕೊರಳಿಗೆ ಹಾಕುವಾಗ... ಅದು ಬೇರೆ ಯಾರದ್ದೋ ಅಂತ ಅನ್ನಿಸ್ತಿತ್ತು. ಕೈ ಹೋಯ್ತು, ಅದು ಬಿಡು. ಗೆದ್ದದ್ದು ಯಾವತ್ತೂ ನನ್ನದಾಗ್ಲೇ ಇಲ್ಲ.'

ಗಾಡಿ ಹೊರಟಿತು. ಮುಂಬ್ರಾದ ಗುಡ್ಡ, ಕಡಲಿನಿಂದ ಒಳಚಾಚಿದ ಖಾಡಿಯ ನೀರು, ಠಾಣೆಯ ನೂಕುನುಗ್ಗಲು, ಆಮೇಲೆ ಪನವೇಲಿನ ಗಾಡಿ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಷ್ಟು ಸುಲಭವಾಗಿ ಜಾಗ ಸಿಕ್ಕಿದ್ದೂ ಒಂದು ಅಪರಾಧದಂತೆ ಕಂಡಿತು.

ಖಾರಘರದ ಆ ಫ್ಲ್ಯಾಟಿನಲ್ಲಿ ಕಿಟಕಿ ತುಂಬ ಬೆಟ್ಟ. ಗುರುನಾಥ ಸರ್ ಬಾಗಿಲು ತೆಗೆದು, 'ಬಾರವಾ, ತಡಾ ಮಾಡಿದಿ. ಗಾಡಿ ಲೇಟೇನು?' ಎಂದರು. ಧಾರವಾಡದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದರೂ ಮಾತು ಸವೆದಿರಲಿಲ್ಲ. ಅವಳನ್ನು ಶಾಲೆಯ ಮೈದಾನದಿಂದ ಎತ್ತಿ ತಂದವರು, ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟವರು. ಅವರನ್ನು ದ್ವೇಷಿಸಲು ಸಾಧ್ಯವಾದರೆ ಎಲ್ಲ ಸುಲಭವಾಗುತ್ತಿತ್ತು. ನರ್ಸ್ ಸೋನಾಲಿ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಳು. ಶ್ರೀಖಂಡದ ಡಬ್ಬಿ, ಅರ್ಧ ಕೊಯ್ದ ನಿಂಬೆಹಣ್ಣು, ಅದರ ಕೆಳಗಿನ ಖಾನೆಯಲ್ಲಿ ಮೂರು ಬ್ಯಾಗು. ತೇವಕ್ಕೆ ಮೂರರ ಹೆಸರಿನ ಚೀಟಿಗಳೂ ಕಿತ್ತು ಖಾನೆಗೆ ಅಂಟಿಕೊಂಡಿದ್ದವು. ಸೋನಾಲಿ ಒಂದು ಕ್ಷಣ ಮೂರನ್ನೂ ನೋಡಿದಳು. 'ಹೀಚ್ ತುಝಿ' ಎಂದು, ನಿನ್ನದು ಇದೇ ಎನ್ನುವಂತೆ, ಒಂದನ್ನು ಎತ್ತಿಕೊಂಡಳು. ಆ ಒಂದು ಕ್ಷಣವನ್ನು ಅಪರ್ಣಾ ನೋಡಿಬಿಟ್ಟಿದ್ದಳು. ಬೇರೆಯವರ ಗುಂಪಿನ ರಕ್ತ ಒಳಗೆ ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮಂಚದ ಮೇಲೆ ಕೂರಿಸಿ, ಬ್ಯಾಗನ್ನು ಅವಳ ಮಡಿಲಲ್ಲಿಟ್ಟು, 'ಥಂಡ ಆಹೆ ಅಜೂನ್. ಥೋಡಾ ವೇಳ ಧರ್' ಎಂದಳು ಸೋನಾಲಿ. ಇನ್ನೂ ತಣ್ಣಗಿದೆ, ಸ್ವಲ್ಪ ಹೊತ್ತು ಹಿಡಿದುಕೊಂಡಿರು. ಎರಡೂ ಕೈಯಿಂದ ಅವಳು ಹಿಡಿದಳು. ಹಾವಿನ ಮೈಯಂಥ ತಣ್ಪು. ನೇರಳೆಗೆ ತಿರುಗಿದ ಕೆಂಪು. ಅಲುಗಿಸಿದರೆ ಬೆರಳಿನ ಕೆಳಗೆ ಜಾಗ ಬಿಟ್ಟು ಜರುಗುತ್ತಿತ್ತು, ನಿದ್ದೆಗಣ್ಣಿನ ಮಗು ಮಗ್ಗುಲಾದಂತೆ. ಇದು ತನ್ನೊಳಗೆ ಓಡಾಡಿದ್ದು, ಅಜ್ಜ ಸತ್ತ ದಿನ ಕಿವಿಯಲ್ಲಿ ಧಡಧಡ ಬಡಿದದ್ದು, ನಾಚಿಕೆಯಾದಾಗ ಮುಖಕ್ಕೆ ಏರಿದ್ದು. ಈಗ ಮಡಿಲಲ್ಲಿ ಪರಕೀಯವಾಗಿ ಬಿದ್ದಿದೆ. ಹೆದರಿಕೆಯೇ? ಅವಳು ತನ್ನನ್ನು ತಾನೇ ಕೆದಕಿ ನೋಡಿಕೊಂಡಳು. ಹೆದರಿಕೆ ಇತ್ತು, ಲತೇಶನ ಕೈ ಇತ್ತು, ಚೀಟಿಯಿಲ್ಲದ ಬ್ಯಾಗು ಇತ್ತು. ಆದರೆ ಹೆದರಿಕೆಗೆ ಸರ್ ಬಳಿ ಉತ್ತರವಿರುತ್ತದೆ, ಚೀಟಿ ಅಂಟಿಸುತ್ತಾರೆ, ಡಾಕ್ಟರನ್ನು ಕರೆಸುತ್ತಾರೆ. ಹೆದರಿಕೆಯ ಕೆಳಗೆ, ಬಾವಿಯ ತಳದ ತಣ್ಣನೆ ಕಲ್ಲಿನ ಹಾಗೆ, ಇನ್ನೊಂದು ಇತ್ತು. ಅಂಗೈ ಮೇಲೆ ತುಳಸಿ. ಬೆರಳ ತುದಿಯಿಂದ ಇಳಿದ ನೀರು. ಸುಳ್ಳಿಗೆ ಎರೆದ ಧಾರೆ. ಸುಳ್ಳು ತನ್ನದು, ಆದರೆ ಧಾರೆ ಅಮ್ಮನದು. ಅಮ್ಮ ಎರೆದ ನೀರಿನಲ್ಲಿ ಸುಳ್ಳಿರಲಿಲ್ಲ. ಬೆಳ್ಳಿಲೋಟವೂ ತಪ್ಪಿ ಹೋದದ್ದೇ ಅಲ್ಲವೆ? ತಪ್ಪಿ ಕೊಟ್ಟರೂ ಕೊಟ್ಟದ್ದೇ.

'ಸರ್, ಇದು ನನಗೆ ಬೇಡ.'

'ಹೆದರಬ್ಯಾಡವಾ. ಇದು ಔಷಧಿ ಅಲ್ಲ, ಲತೇಶ ತಗೊಂಡಂಥಾದ್ದಲ್ಲ. ನಿಂದ ರಕ್ತ ನಿಂಗ. ಬ್ಯಾಂಕಿನ್ಯಾಗ ಇಟ್ಟದ್ದು ತಕ್ಕೊಂಡ್ರ ಕಳುವೇನು?'

'ನನ್ನದಲ್ಲ ಸರ್. ಕೊಟ್ಟಾಗಿದೆ.'

'ಯಾರಿಗೆ ಕೊಟ್ಟಿ?'

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು. 'ದೇವರಿಗೆ.'

ಗುರುನಾಥ ಸರ್ ಗಟ್ಟಿಯಾಗಿ ನಕ್ಕರು. 'ಯಾಕ, ದೇವ್ರಿಗೆ ಹಿಮೋಗ್ಲೋಬಿನ್ ಕಡಿಮಿ ಆಗೇತೇನು?' ಅವಳಿಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಸರ್ ನಗು ನಿಲ್ಲಿಸಿದರು. 'ಅಪರ್ಣಾ, ನಾಳೆ ನೀ ಸೋತಿ ಅಂದ್ರ ಮುಂದಿನ ವರ್ಷ ಯಾರೂ ನಿನ್ನ ಹೆಸರೂ ಎತ್ತೂದಿಲ್ಲ. ಎಲ್ಲಾರೂ ಹಿಂಗ ಮಾಡ್ತಾರ. ಈಗ ಒಮ್ಮಿಂದೊಮ್ಮೆಲೆ ದೊಡ್ಡ ಭಕ್ತಿ ಬಂತೇನು? ಹೋಟೆಲ್‌ನವರ ಮಗಳು, ಹೋಟೆಲಿಗೇ ಹೋಗ್ತಿ.'

ಕೊನೆಯ ಮಾತು ಕೆನ್ನೆಗೆ ಬಡಿಯಿತು. ರಕ್ತ ಮುಖಕ್ಕೇರಿತು. ಒಳಗಿನ ರಕ್ತ, ಬಿಸಿ, ತನ್ನದು. ಅದು ಏರಿದ್ದು ಗೊತ್ತಾದ ಕೂಡಲೇ ಅವಳಿಗೆ ಎಲ್ಲಿಲ್ಲದ ಸಂತೋಷವಾಯಿತು. ಎದ್ದಳು. ಬ್ಯಾಗನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಕತ್ತರಿಯಿಂದ ಅದರ ನಾಳ ಕತ್ತರಿಸಿದಳು. 'ಏ, ಏ!' ಎಂದು ಸರ್ ಬರುವಷ್ಟರಲ್ಲಿ ಸಿಂಕಿನ ಮೇಲೆ ಬಲ ಅಂಗೈ ಹಿಡಿದು ಅದರ ಮೇಲೆ ಸುರಿಯುತ್ತಿದ್ದಳು. ಬೆರಳ ಸಂದಿನಿಂದ, ಬೆರಳ ತುದಿಯಿಂದ, ರಕ್ತ ಧಾರೆಯಾಗಿ ಇಳಿಯಿತು. 'ಕೃಷ್ಣಾರ್ಪಣ' ಎಂದಳು. ಈ ಸಲ ಸ್ವರ ನಡುಗಿತು. ಸೋನಾಲಿ ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಕೆಂಪಾಯಿತು, ಗುಲಾಬಿಯಾಯಿತು, ನೀರೇ ಆಯಿತು.

ಮರುದಿನ ಬೆಳಿಗ್ಗೆ ನವಿ ಮುಂಬಯಿಯ ಖಾಡಿ ಬದಿಯ ಅಗಲ ರಸ್ತೆಯಲ್ಲಿ ಅರ್ಧ ಮ್ಯಾರಥಾನ್ ಹೊರಟಾಗ ಮುಂದಿನ ಗುಂಪು ಅವಳನ್ನು ಬಿಟ್ಟು ಹೋಯಿತು. ಹೋಗಲಿ. ಕಾಂದಲು ಗಿಡಗಳ ಮೇಲಿಂದ ಉಪ್ಪು ಗಾಳಿ ಬಂತು. ನೆರೂಳು ದಾಟುವಷ್ಟರಲ್ಲಿ ಪಕ್ಕೆ ಹಿಡಿಯಿತು, ಉಸಿರು ಗಂಟಲಲ್ಲಿ ಗರಗಸವಾಯಿತು. ಆಹಾ, ಗೊತ್ತಾಗುತ್ತಿದೆ! ಮೂರು ಒಳಗೆ, ನಾಲ್ಕು ಹೊರಗೆ. ಎಲ್ಲಿಂದಲೋ ಅಜ್ಜನ ನಶ್ಯದ ವಾಸನೆ ಬಂದಂತಾಯಿತು. ಅಜ್ಜ ವ್ಯಾಸಪೀಠ ಬಿಡಿಸಿದರು, ಗಂಟಲು ಸರಿಪಡಿಸಿಕೊಂಡರು. ಪದಗಳು ಬರಲಿಲ್ಲ, ನಡೆ ಬಂತು, ಪದ ಬರುವ ಮೊದಲಿನ ಆ ಗುನುಗು. ಕಾಲು ಅದಕ್ಕೆ ತಾಳವಾಯಿತು. ತಿರುವಿನಲ್ಲಿ ಗುರುನಾಥ ಸರ್ ಕೈ ಕಟ್ಟಿ ನಿಂತಿದ್ದರು. ಅವಳನ್ನು ನೋಡಿ ಮುಖ ತಿರುಗಿಸಿದರು, ಆಮೇಲೆ ತಡೆಯಲಾರದೆ ಹಳೆಯ ಅಭ್ಯಾಸದಿಂದ, 'ಭುಜಾ ಇಳಿಸು, ಭುಜಾ!' ಎಂದು ಕೂಗಿದರು. ಅವಳು ಭುಜ ಇಳಿಸಿದಳು. ಒಬ್ಬಳು ಹಿಂದಾದಳು, ಇನ್ನೊಬ್ಬಳು. ಎದೆ ಉರಿಯಿತು, ಉರಿಯಲಿ, ಇಂಥ ಉರಿಯನ್ನು ಯಾರೂ ಬ್ಯಾಗಿನಲ್ಲಿ ತುಂಬಿ ಕೊಡಲಾರರು. ಕೊನೆಯ ನೇರ ರಸ್ತೆಯಲ್ಲಿ ಕಂಬದ ಬದಿಗೆ ಹಸಿರು ಸೀರೆ ಕಂಡಿತು. 'ಓಡು ಅಪ್ಪು! ಓಡು ಮಾರಾಯ್ತಿ!' ಅಮ್ಮ ತುಳುವಿನಲ್ಲಿ ಬೈಯುವ ಸ್ವರದಲ್ಲೇ ಕೂಗುತ್ತಿದ್ದಳು. ಉದ್ದ ಸಾಲು ಮುಗಿಯಿತು, ಅಜ್ಜ ಗುರುವನ್ನು ಹಿಡಿದರು, ಬಿಡಲೇ ಇಲ್ಲ, ಆ ಒಂದೇ ದೀರ್ಘ ಸ್ವರದ ಮೇಲೆ ಅವಳು ಮುಂದಿದ್ದ ಹುಡುಗಿಯನ್ನು ದಾಟಿ ರಿಬ್ಬನ್ನಿಲ್ಲದ ಗೆರೆಯ ಮೇಲೆ ಬಿದ್ದಳು. ಮೂರನೆಯವಳು. ಇಷ್ಟು ವೇಗವಾಗಿ ಅವಳು ಹಿಂದೆಂದೂ ಓಡಿರಲಿಲ್ಲ.

ಎದ್ದು ನಿಲ್ಲುವಷ್ಟರಲ್ಲಿ ನೀಲಿ ಜಾಕೆಟಿನ ಹೆಂಗಸೊಬ್ಬಳು ಪಕ್ಕದಲ್ಲಿದ್ದಳು. ಡೋಪಿಂಗ್ ಪರೀಕ್ಷೆ, ಗೆದ್ದ ಮೂವರದೂ ರಕ್ತ ತೆಗೆಯುತ್ತೇವೆ, ಜೊತೆಗೆ ಒಬ್ಬರು ಬರಬಹುದು ಎಂದಳು. ಅಮ್ಮ ಆಗಲೇ ನೀರಿನ ಬಾಟಲಿ ಹಿಡಿದು ಡೇರೆಯೊಳಗೆ ಬಂದು ಕುರ್ಚಿ ಎಳೆದುಕೊಂಡಿದ್ದಳು. ಅಧಿಕಾರಿ ಹಿಂದಿಯಲ್ಲಿ ಒಂದೊಂದೇ ಕೇಳುತ್ತ ಬಂದಳು. ಇತ್ತೀಚೆಗೆ ರಕ್ತ ಕೊಟ್ಟದ್ದು, ಹಾಕಿಸಿಕೊಂಡದ್ದು ಏನಾದರೂ?

ಅಪರ್ಣಾ ಬಾಯಿ ತೆರೆಯುವ ಮೊದಲೇ ವನಮಾಲಾ ಎದೆಯುಬ್ಬಿಸಿ ಹೇಳಿದಳು: 'ದಿಯಾ ಹೈ! ದಾನ್ ಕಿಯಾ ಹೈ ಮೇರೀ ಬೇಟೀನೆ!'

ಡೇರೆಯ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಅಧಿಕಾರಿ ನಗುತ್ತ ಮುಂದಿನ ಪ್ರಶ್ನೆಗೆ ಹೋಗುವುದರಲ್ಲಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಕೊರಳಿಗೆ ಪದಕ, ರಾಜ್ಯ ತಂಡ, ನೌಕರಿ, ಕಲ್ಯಾಣದಲ್ಲಿ ಮತ್ತೊಂದು ಲೋಟ ದಾಳಿಂಬೆ ರಸ. ಫ್ರಿಜ್ಜಿನ ಖಾನೆಯಲ್ಲಿ ಚೀಟಿಯಿಲ್ಲದೆ ಉಳಿದ ಬ್ಯಾಗುಗಳೂ ನೆನಪಾದವು. ಅವು ಯಾರದೋ ಮಡಿಲಲ್ಲಿ ಬೆಚ್ಚಗಾಗಲು ಕಾದಿದ್ದವು.

'ಇಲ್ಲ' ಎಂದಳು ಅಪರ್ಣಾ, ಹಿಂದಿಯಲ್ಲಿ, ಆಮೇಲೆ ಅಮ್ಮನಿಗೆ ಕೇಳುವಂತೆ ಕನ್ನಡದಲ್ಲೂ. 'ದಾನ ಅಲ್ಲ. ತಿರುಗಿ ಹಾಕಿಸಿಕೊಳ್ಳಲಿಕ್ಕೆ ಅಂತ ತೆಗೆಸಿಟ್ಟಿದ್ದೆ. ನಿನ್ನೆ ಹಾಕಿಸಿಕೊಳ್ಳಬೇಕಿತ್ತು. ಹಾಕಿಸಿಕೊಳ್ಳಲಿಲ್ಲ, ಚೆಲ್ಲಿದೆ. ಆ ಮನೆ ಎಲ್ಲಿ ಅಂತ ಹೇಳ್ತೇನೆ. ಅಲ್ಲಿ ಇನ್ನೂ ಬ್ಯಾಗುಗಳಿವೆ, ಯಾರದ್ದು ಯಾವುದು ಗೊತ್ತಿಲ್ಲ. ಯಾರಾದ್ರೂ ಸಾಯ್ತಾರೆ.'

ಅಧಿಕಾರಿ ಪೆನ್ನು ಕೆಳಗಿಟ್ಟಳು. ಇದರಿಂದ ನಿನಗೇ ತೊಂದರೆಯಾಗಬಹುದು, ಗೊತ್ತಲ್ಲ, ಎಂದಳು. ಗೊತ್ತು, ಎಂದಳು ಅಪರ್ಣಾ. ಅಲ್ಲಿಯವರೆಗೂ ಎದೆಯೊಳಗೆ ಓಟ ನಿಂತಿರಲಿಲ್ಲ. ಅದು ಈಗಷ್ಟೇ ಗೆರೆ ಮುಟ್ಟಿದಂತಾಯಿತು.

ವನಮಾಲಾ ನೀರಿನ ಬಾಟಲಿಯನ್ನು ಮಡಿಲಿಗೆಳೆದುಕೊಂಡಳು. 'ಹಾಲಿನವನಿಗೂ ಹೇಳಿದ್ದೆನಲ್ಲೇ' ಎಂದಳು ಮೆಲ್ಲಗೆ.

'ಹ್ಞೂಂ.'

'ನಿನ್ನೆ ಚೆಲ್ಲುವಾಗ ಎಂತ ಹೇಳಿದಿ?'

'ಕೃಷ್ಣಾರ್ಪಣ ಅಂದೆ.'

'ಕೈ ಮೇಲಿಂದ ಬಿಟ್ಟಿಯಾ?'

'ಕೈ ಮೇಲಿಂದಲೇ.'

ವನಮಾಲಾ ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. 'ಹಾಗಾದರೆ ನಾನು ಸುಳ್ಳು ಹೇಳಿದ ಹಾಗಾಗ್ಲಿಲ್ಲ. ಒಂದು ತಿಂಗಳು ಮೊದಲೇ ಹೇಳಿದೆ, ಅಷ್ಟೆ. ಮನೆಗೆ ಬಾ, ತುಳುವಿನಲ್ಲಿ ಉಂಟು ನಿನಗೆ.'

ಎಡಗೈಗೆ ರಬ್ಬರು ಪಟ್ಟಿ ಬಿಗಿದರು. ಅವಳು ನೋಡುತ್ತಲೇ ಇದ್ದಳು. ಸೂಜಿ ಹೋಯಿತು, ಗಾಜಿನ ಕೊಳವೆಯೊಳಗೆ ರಕ್ತ ನುಗ್ಗಿ ಬಂತು, ಬಿಸಿ, ಅಚ್ಚ ಕೆಂಪು, ಇನ್ನೂ ಓಡುತ್ತಿದ್ದಂತೆಯೇ. 'ಪುನಃ ಕೊಡ್ತಿದ್ದೀಯಲ್ಲ, ಕೈ ಹಿಡಿ' ಎಂದು ವನಮಾಲಾ ಬಾಟಲಿಯ ಮುಚ್ಚಳ ತೆಗೆದಳು. ಅಪರ್ಣಾ ಬಲ ಅಂಗೈ ಚಾಚಿದಳು. ನೀರು ಬಿತ್ತು. ಕೃಷ್ಣಾರ್ಪಣ ಎಂದು ಅದನ್ನು ಬೆರಳ ತುದಿಯಿಂದ ಇಳಿಯಬಿಟ್ಟಳು. ಡೇರೆಯ ಒಣ ನೆಲ ಅದನ್ನು ಕುಡಿಯಿತು. ಆಮೇಲೆ, ಬಾಯಾರಿ ಸಾಯುತ್ತಿದ್ದ ಅವಳು ಅಂಗೈಯನ್ನು ಮತ್ತೆ ಗುಳಿ ಮಾಡಿ ಅಮ್ಮನ ಮುಂದೆ ಹಿಡಿದಳು. ಅಮ್ಮ ಎರೆದಳು, ಅವಳು ಕುಡಿದಳು. ಅಮ್ಮ ಎರೆಯುತ್ತಲೇ ಇದ್ದಳು.